ವಿಕಲಚೇತನರ ಸ್ವಂತ ಉದ್ಯೋಗಕ್ಕೆ ತರಬೇತಿ, ಸಾಲ, ಸಹಾಯಧನ: ಮಂಗಳೂರು–ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಸಹಾಯಧನ ವಿಚಾರಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ಸಿಗುತ್ತದೆ’ ಎಂದು. ಅದರ ಲೆಕ್ಕ ಮುಂದೆ ಬರುತ್ತದೆ. ಅದಕ್ಕಿಂತ ಮೊದಲು ಹೇಳಬೇಕಾದ ಮಾತು ಬೇರೆ ಇದೆ. ನಾನು ನೋಡಿದ ಮಟ್ಟಿಗೆ, ಕರಾವಳಿಯ ವಿಕಲಚೇತನರು ಕಟ್ಟಿದ ಸಣ್ಣ ಘಟಕಗಳು ಸೋಲುವುದು ಹಣ ಮಂಜೂರಾಗದೆ ಅಲ್ಲ, ಮಂಜೂರಾದ ಮೇಲೆ. ಸೈಬರ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಯೋಜನಾ ವರದಿಯಲ್ಲಿ ಹೆಸರು ಮಾತ್ರ ಬದಲಾಯಿಸಿ ಕೊಟ್ಟಿರುತ್ತಾರೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು, ವಾರಕ್ಕೆರಡು ಬಾರಿ ಪೇಟೆಗೆ ಹೋಗಿಬರುವ ರಿಕ್ಷಾ ಬಾಡಿಗೆ, ಭಾರ ಎತ್ತಿಕೊಡುವ ಸಹಾಯಕನ ಕೂಲಿ ಆ ವರದಿಯಲ್ಲಿ ಇರುವುದಿಲ್ಲ. ಖರ್ಚು ಮಾತ್ರ ಮೊದಲ ತಿಂಗಳಿನಿಂದಲೇ ಇರುತ್ತದೆ. ಲಾಭವೆಲ್ಲ ಅದಕ್ಕೇ ಹೋಗುತ್ತದೆ, ಕಂತು ತಪ್ಪುತ್ತದೆ, ‘ಇವರಿಗೆ ಕೊಟ್ಟರೆ ಹೀಗೆಯೇ’ ಎಂಬ ಮಾತು ಹುಟ್ಟುತ್ತದೆ. ಆ ಮಾತು ಶುದ್ಧ ಅನ್ಯಾಯ. ಅದಕ್ಕೆ ಅವಕಾಶ ಕೊಡದ ದಾರಿ ಒಂದೇ: ನಿಮ್ಮ ವೈಕಲ್ಯದಿಂದಾಗುವ ಹೆಚ್ಚುವರಿ ಖರ್ಚನ್ನು ಮುಚ್ಚಿಡದೆ, ರೂಪಾಯಿ ಲೆಕ್ಕದಲ್ಲಿ ಯೋಜನಾ ವರದಿಗೆ ಸೇರಿಸುವುದು. ಈ ಬರಹದಲ್ಲಿ ಹೆಚ್ಚು ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಮೊದಲ ಹಂತ: ಯುಡಿಐಡಿ ಮತ್ತು ಉಳಿದ ಕಾಗದಪತ್ರ

ಯಾವ ಯೋಜನೆಯ ಬಾಗಿಲು ತಟ್ಟಿದರೂ ಮೊದಲು ಕೇಳುವುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತಪಾಸಣೆಗೆ ದಕ್ಷಿಣ ಕನ್ನಡದವರಿಗೆ ಮಂಗಳೂರಿನ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕುರುಡು, ಕಿವುಡು, ಕೈಕಾಲಿನ ಊನ ಮಾತ್ರ ಎಂದುಕೊಂಡು ಸುಮ್ಮನಿರುವವರು ಇನ್ನೂ ಇದ್ದಾರೆ. ಹಿಮೋಫಿಲಿಯಾ, ತಲಸ್ಸೇಮಿಯಾ, ಪಾರ್ಕಿನ್ಸನ್ಸ್, ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ತುತ್ತಾದವರು ಎಲ್ಲರೂ ಇದರಲ್ಲಿ ಬರುತ್ತಾರೆ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಕಾರ್ಡಿನ ಪಟ್ಟಿ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ. ವಿಕಲಚೇತನರಿಗೆಂದೇ ಇರುವ ಸಾಲ, ಸಹಾಯಧನಗಳಿಗೆ ಬಹುಮಟ್ಟಿಗೆ ಶೇ 40 ಇರಲೇಬೇಕು.

ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಯುಡಿಐಡಿ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಮನೆತನದ ಹೆಸರು, ಬಳಿ (ಕುಲ), ಊರು ಒಂದೊಂದು ದಾಖಲೆಯಲ್ಲಿ ಒಂದೊಂದು ಜಾಗದಲ್ಲಿ ಕೂತಿರುತ್ತವೆ. ಇದನ್ನು ಅರ್ಜಿಗೆ ಮೊದಲೇ ಸರಿಪಡಿಸಬೇಕು. ಬ್ಯಾಂಕಿಗೆ ಕಡತ ಹೋದ ಮೇಲೆ ಸರಿಪಡಿಸುವುದು ಬಹಳ ಕಷ್ಟ. ಕೆಲಸ ಆರಂಭಿಸುವಾಗ ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯ ಇರುವವರ ತಂದೆತಾಯಿಗೆ ಒಂದು ಮಾತು. ಮಗನಿಗೆ, ಮಗಳಿಗೆ 18 ತುಂಬಿದ ಮೇಲೆ ಅವರ ಪರವಾಗಿ ಸಹಿ ಮಾಡುವ ಅಧಿಕಾರ ನಿಮಗೆ ತಾನಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರ ಪ್ರಮಾಣಪತ್ರ ಕೊಡುತ್ತದೆ. ಬ್ಯಾಂಕ್ ಕೆಲಸಕ್ಕೆ ಅದು ಬೇಕಾಗುತ್ತದೆ. ಸಾಲದ ವಿಚಾರ ಬರುವ ಮೊದಲೇ ಮಾಡಿಸಿಡಿ.

ಇದನ್ನೆಲ್ಲ ಒಬ್ಬರೇ ಓಡಾಡಿ ಮಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು), ನಗರಸಭೆ, ಪಾಲಿಕೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು (ಯುಆರ್‌ಡಬ್ಲ್ಯು) ಇರುತ್ತಾರೆ. ಬಹಳಷ್ಟು ಮಂದಿ ಸ್ವತಃ ವಿಕಲಚೇತನರೇ. ಅತಿ ಕಡಿಮೆ ಗೌರವಧನಕ್ಕೆ ದುಡಿಯುವ ಇವರಿಗೆ ತಿಳಿದಿರುವಷ್ಟು ಒಳದಾರಿಗಳು ದೊಡ್ಡ ಕಚೇರಿಗಳ ಸಿಬ್ಬಂದಿಗೂ ತಿಳಿದಿರುವುದಿಲ್ಲ. ಮೊದಲ ಭೇಟಿ ಅವರದೇ ಆಗಲಿ.

ಎರಡನೇ ಹಂತ: ಕೆಲಸ ಕಲಿಯುವುದು

ಸ್ವಉದ್ಯೋಗ ತರಬೇತಿಯ ವಿಷಯದಲ್ಲಿ ನಮ್ಮ ಜಿಲ್ಲೆಗಳ ಅದೃಷ್ಟ ದೊಡ್ಡದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆಯನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ (ಆರ್‌ಸೆಟಿ) ಕೇಂದ್ರಗಳು ಬಂದವು. ದಕ್ಷಿಣ ಕನ್ನಡದವರಿಗೆ ಉಜಿರೆ, ಉಡುಪಿಯವರಿಗೆ ಬ್ರಹ್ಮಾವರ. ಹೊಲಿಗೆ, ಮೊಬೈಲ್ ದುರಸ್ತಿ, ಮನೆ ವೈರಿಂಗ್, ಫೋಟೊ–ವಿಡಿಯೊಗ್ರಫಿ, ಹೈನುಗಾರಿಕೆಯಂಥ ಅಲ್ಪಾವಧಿ ತರಬೇತಿ. ಕಲಿಕೆ, ಊಟ, ವಸತಿ ಎಲ್ಲ ಉಚಿತ.

ಸೇರುವ ಮೊದಲೇ ಫೋನ್ ಮಾಡಿ ನಿಮಗೆ ಬೇಕಾದ ಅನುಕೂಲವನ್ನು ಬಾಯಿಬಿಟ್ಟು ಕೇಳಿ: ನೆಲಮಹಡಿಯ ಕೋಣೆ, ಪಾಶ್ಚಾತ್ಯ ಶೌಚಾಲಯ, ಸಂಜ್ಞಾ ಭಾಷೆ ಬಲ್ಲವರು, ಜತೆಗೊಬ್ಬ ಸಹಾಯಕರಿಗೆ ಉಳಿಯಲು ಜಾಗ. ಕೇಳುವುದರಲ್ಲಿ ಸಂಕೋಚ ಬೇಡ. ವೃತ್ತಿ ತರಬೇತಿಯ ಮುಖ್ಯವಾಹಿನಿ ಕಾರ್ಯಕ್ರಮಗಳಲ್ಲೆಲ್ಲ ವಿಕಲಚೇತನರನ್ನು ಸೇರಿಸಿಕೊಳ್ಳಬೇಕೆಂದು 2016ರ ಕಾಯ್ದೆಯ 19ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಸ್ವಂತ ಉದ್ಯೋಗಕ್ಕಿಂತ ಸಂಬಳದ ಕೆಲಸ ಬೇಕೆನ್ನುವವರು ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯ ಪಿಎಂ–ದಕ್ಷ್ ಪೋರ್ಟಲ್‌ನಲ್ಲಿ ಯುಡಿಐಡಿ ಸಂಖ್ಯೆ ಕೊಟ್ಟು ನೋಂದಾಯಿಸಿಕೊಳ್ಳಿ. ತರಬೇತಿಯೂ ಉದ್ಯೋಗದ ಮಾಹಿತಿಯೂ ಅದೇ ಜಾಗದಲ್ಲಿ ಸಿಗುತ್ತದೆ.

ಕೈಕಸುಬು ಈಗಾಗಲೇ ಗೊತ್ತಿರುವವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಒಳ್ಳೆಯ ದಾರಿ. ಅದರ 18 ಕಸುಬುಗಳಲ್ಲಿ ದೋಣಿ ಕಟ್ಟುವುದು, ಮೀನಿನ ಬಲೆ ನೇಯುವುದು, ಬುಟ್ಟಿ–ಚಾಪೆ ಹೆಣೆಯುವುದು, ಹೂ ಕಟ್ಟುವುದು, ಹೊಲಿಗೆ ಸೇರಿವೆ. ಮಲ್ಪೆ, ಗಂಗೊಳ್ಳಿ, ಬೆಂಗರೆಯ ಎಷ್ಟೋ ಮನೆಗಳಲ್ಲಿ ಕೂತಲ್ಲೇ ಬಲೆ ಹೆಣೆಯುವವರು ಅದನ್ನು ಕಸುಬು ಎಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ತರಬೇತಿಯ ದಿನಗಳಲ್ಲಿ ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಅದನ್ನು ತೀರಿಸಿದವರಿಗೆ ₹2 ಲಕ್ಷ ಸಾಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಮೂರನೇ ಹಂತ: ನಿಮಗೆ ಸಲ್ಲುವ ಯೋಜನೆ ಯಾವುದು

ಲಕ್ಷಗಳ ಲೆಕ್ಕದ ಘಟಕಕ್ಕೆ ನನ್ನ ಮೊದಲ ಆಯ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ (ಪಿಎಂಇಜಿಪಿ). ತಯಾರಿಕಾ ಘಟಕಕ್ಕೆ ₹50 ಲಕ್ಷ, ಸೇವಾ ಘಟಕಕ್ಕೆ ₹20 ಲಕ್ಷದವರೆಗಿನ ಯೋಜನಾ ವೆಚ್ಚ. ವಿಕಲಚೇತನರು ಇದರಲ್ಲಿ ವಿಶೇಷ ವರ್ಗ: ಗ್ರಾಮೀಣ ಪ್ರದೇಶದಲ್ಲಿ ಶೇ 35, ನಗರದಲ್ಲಿ ಶೇ 25 ಸಹಾಯಧನ, ಸಾಮಾನ್ಯ ವರ್ಗಕ್ಕೆ ಇದು ಶೇ 25 ಮತ್ತು 15. ಕೈಯಿಂದ ಹಾಕಬೇಕಾದ ಹಣವೂ ಶೇ 10ರ ಬದಲು 5. ತಯಾರಿಕೆಯಲ್ಲಿ ₹10 ಲಕ್ಷ, ಸೇವೆಯಲ್ಲಿ ₹5 ಲಕ್ಷ ಮೀರಿದರೆ ಮಾತ್ರ ಎಂಟನೇ ತರಗತಿ ಪಾಸಾಗಿರಬೇಕು. ಹೊಸ ಘಟಕವೇ ಆಗಬೇಕು, ಗಂಡ–ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ. ಈಗಿನ ರೂಪದಲ್ಲಿ ಇದು ಮಂಜೂರಾಗಿದ್ದು 2025–26ರ ಅಂತ್ಯದವರೆಗಿನ ಅವಧಿಗೆ. ಹಾಗಾಗಿ ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಚಾಲ್ತಿ ಆದೇಶ ಕೇಳಿ ತಿಳಿದುಕೊಳ್ಳಿ. ದಕ್ಷಿಣ ಕನ್ನಡದ ಕೇಂದ್ರ ಇರುವುದು ಮಂಗಳೂರಿನ ಯೆಯ್ಯಾಡಿಯಲ್ಲಿ.

ಘಟಕ ಎಲ್ಲಿ ಎಂಬುದರ ಮೇಲೆ ಸಹಾಯಧನ ಬದಲಾಗುತ್ತದೆ. ಕಾವೂರು ಮಹಾನಗರಪಾಲಿಕೆಗೆ ಸೇರಿದ್ದು, ಅಲ್ಲಿ ಶೇ 25. ಪಾಲಿಕೆಯ ಗಡಿ ದಾಟಿ ಗಂಜಿಮಠ ಪಂಚಾಯಿತಿಗೆ ಹೋದರೆ ಶೇ 35. ಮಣಿಪಾಲಕ್ಕೂ ಆತ್ರಾಡಿಗೂ ಇದೇ ವ್ಯತ್ಯಾಸ. ಹಾಗೆಂದು ಶೇ 10ರ ಆಸೆಗೆ ಬಸ್ ಇಳಿದು ಒಂದು ಕಿಲೋಮೀಟರ್ ನಡೆಯಬೇಕಾದ ಜಾಗ ಹಿಡಿಯಬೇಡಿ. ಊರುಗೋಲಿನಲ್ಲಿ ನಡೆಯುವವರಿಗೆ, ಅದರಲ್ಲೂ ಆಟಿಯ ಮಳೆಯಲ್ಲಿ, ಆ ಒಂದು ಕಿಲೋಮೀಟರ್ ಸಹಾಯಧನವನ್ನೆಲ್ಲ ನುಂಗುತ್ತದೆ.

ಗೂಡಂಗಡಿ, ಸಣ್ಣ ವ್ಯಾಪಾರದಂಥ ಕಡಿಮೆ ಬಂಡವಾಳದ ಕೆಲಸಕ್ಕೆ ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ‘ಆಧಾರ’ ಯೋಜನೆ ಇದೆ. ಇದು ಬ್ಯಾಂಕ್ ಸಾಲದ ಜತೆ ಇಲಾಖೆಯ ಸಹಾಯಧನ ಕೂಡಿದ್ದು. ಇದೇ ಇಲಾಖೆ ಹೊಲಿಗೆ ಯಂತ್ರವನ್ನೂ, ಯಂತ್ರಚಾಲಿತ ದ್ವಿಚಕ್ರ ವಾಹನವನ್ನೂ ಕೊಡುತ್ತದೆ. ಅರ್ಜಿ ಕರೆಯುವುದು ವರ್ಷದ ಗೊತ್ತಾದ ಅವಧಿಯಲ್ಲಿ, ಸಲ್ಲಿಸುವುದು ಸೇವಾ ಸಿಂಧು ಮೂಲಕ. ಉಡುಪಿಯವರಿಗೆ ಇಲಾಖೆಯ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ.

ರಾಷ್ಟ್ರೀಯ ವಿಕಲಚೇತನರ ಹಣಕಾಸು ಮತ್ತು ಅಭಿವೃದ್ಧಿ ನಿಗಮ 1997ರಿಂದ ಇದೆ. ಶೇ 40ರ ವೈಕಲ್ಯ ಇರುವ 18 ದಾಟಿದವರಿಗೆ ₹50 ಲಕ್ಷದವರೆಗೆ ಸಾಲ. ಬಡ್ಡಿ ಶೇ 5ರಿಂದ ಆರಂಭವಾಗಿ ಮೊತ್ತ ಹೆಚ್ಚಿದಂತೆ ಏರುತ್ತದೆ. ಇದು ಸಹಾಯಧನವಲ್ಲ, ಅಗ್ಗದ ಸಾಲ. ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಕೊಡುವ ಮುದ್ರಾ ಕೂಡ ಸಾಲವೇ, ಸಬ್ಸಿಡಿ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಹಲಸಿನ ಚಿಪ್ಸ್‌ನಂಥ ತಿನಿಸಿನ ಘಟಕಕ್ಕಾದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗಿರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಲೆಕ್ಕದ ಸಹಾಯಧನ ಶೇ 35, ಗರಿಷ್ಠ ₹10 ಲಕ್ಷ.

ಕಡಿಮೆ ಜನರಿಗೆ ಗೊತ್ತಿರುವ ಇನ್ನೊಂದು ಮೂಲ ನಮ್ಮ ಪಕ್ಕದಲ್ಲೇ ಇದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಪಾಲಿಕೆ, ನಗರಸಭೆಗಳ ಪ್ರಕಟಣೆಯಲ್ಲಿ ಪರಿಶಿಷ್ಟರ ಶೇ 24.10, ಇತರ ಬಡವರ ಶೇ 7.25ರ ಜತೆ ಕಾಣುವ ‘ಶೇ 5ರ ನಿಧಿ’ ಎಂದರೆ ಇದೇ. ಗ್ರಾಮಸಭೆಯಲ್ಲಿ ಎದ್ದು ‘ಕಳೆದ ವರ್ಷದ ಶೇ 5 ಯಾವುದಕ್ಕೆ ಖರ್ಚಾಯಿತು’ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬರೀ ಊರುಗೋಲು ಹಂಚಿ ಮುಗಿಸುವ ಬದಲು ಹೊಲಿಗೆ ಯಂತ್ರಕ್ಕೋ ಅಂಗಡಿ ಮುಂಗಟ್ಟಿಗೋ ಅದನ್ನು ಬಳಸಬೇಕೆಂದು ಅಲ್ಲೇ ಬೇಡಿಕೆ ಇಡಬಹುದು.

ಈ ಯೋಜನೆಗಳನ್ನು ಹಿಡಿಯುವ ಕ್ರಮದಲ್ಲಿ ಎಚ್ಚರ ಬೇಕು. ಬೇರೆ ಸರ್ಕಾರಿ ಯೋಜನೆಯ ಸಹಾಯಧನ ಪಡೆದ ಘಟಕಕ್ಕೆ ಪಿಎಂಇಜಿಪಿ ಸಿಗುವುದಿಲ್ಲ. ಪಿಎಂಇಜಿಪಿ ಸಾಲ ಪಡೆದವರಿಗೆ ಐದು ವರ್ಷ ವಿಶ್ವಕರ್ಮ ಸಿಗುವುದಿಲ್ಲ. ಕೈಗೆ ಮೊದಲು ಬಂದ ಸಣ್ಣ ಮೊತ್ತ ತೆಗೆದುಕೊಂಡು ದೊಡ್ಡದನ್ನು ಕಳೆದುಕೊಳ್ಳುವಂತಾಗಬಾರದು.

ನಾಲ್ಕನೇ ಹಂತ: ಯೋಜನಾ ವರದಿ

ಒಂದು ಉದಾಹರಣೆ ಕಟ್ಟಿ ನೋಡೋಣ. ಬಂಟ್ವಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಿವಿ ಕೇಳದ ಯುವಕನೊಬ್ಬ ಹಾಳೆತಟ್ಟೆ ಘಟಕ ಹಾಕಬೇಕೆಂದಿದ್ದಾನೆ. ಸುತ್ತ ಅಡಕೆ ತೋಟ, ಹಾಳೆಗೆ ಬರವಿಲ್ಲ. ನೆನೆಸಿ ತೊಳೆದ ಹಾಳೆಯನ್ನು ಕಾದ ಅಚ್ಚಿನ ನಡುವೆ ಇಟ್ಟು ಒತ್ತಿದರೆ ತಟ್ಟೆ, ಅಂಚು ಕತ್ತರಿಸಿದರೆ ಮುಗಿಯಿತು. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಊಹಿಸಿದವು. ನಿಮ್ಮ ಕೊಟೇಶನ್ ಬೇರೆ ಇರುತ್ತದೆ. ಯಂತ್ರ ಮತ್ತು ಅಚ್ಚುಗಳಿಗೆ ₹1,70,000, ಶೆಡ್ ದುರಸ್ತಿ ಮತ್ತು ವೈರಿಂಗ್‌ಗೆ ₹70,000, ದುಡಿಮೆ ಬಂಡವಾಳ ₹1,20,000. ಸಿದ್ಧ ವರದಿ ಇಲ್ಲಿಗೆ ನಿಲ್ಲುತ್ತದೆ.

ಯಂತ್ರದ ಸಮಯ ಮುಗಿದಾಗ, ಬಿಸಿ ಮಿತಿ ಮೀರಿದಾಗ ಅದು ಎಚ್ಚರಿಸುವುದು ಶಬ್ದ ಮಾಡಿ. ಈ ಯುವಕನಿಗೆ ಅದು ಕೇಳಿಸುವುದಿಲ್ಲ. ಶಬ್ದದ ಜಾಗದಲ್ಲಿ ಮಿನುಗುವ ದೀಪ, ಕೈ ಒಳಗಿದ್ದರೆ ಯಂತ್ರ ಒತ್ತದಂತೆ ತಡೆಯಲು ಎರಡೂ ಕೈಯಿಂದ ಅದುಮಬೇಕಾದ ಗುಂಡಿ, ಗಿರಾಕಿಗಳೊಂದಿಗೆ ವಿಡಿಯೊ ಕರೆ ಮತ್ತು ಬರಹದಲ್ಲಿ ವ್ಯವಹರಿಸಲು ಒಳ್ಳೆಯ ಮೊಬೈಲ್, ಮೊದಲ ಕೆಲ ತಿಂಗಳು ಮದುವೆ ಹಾಲ್, ಕೇಟರಿಂಗ್‌ನವರ ಹತ್ತಿರ ಜತೆಗೆ ಬರುವವರೊಬ್ಬರ ಕೂಲಿ. ಇದಕ್ಕೆ ₹40,000 ಇಟ್ಟರೆ ಒಟ್ಟು ₹4 ಲಕ್ಷ. ಈ ₹40,000 ವರದಿಯೊಳಗೆ ಬಂದರೆ ಅದಕ್ಕೂ ಶೇ 35 ಸಹಾಯಧನ ಸಿಗುತ್ತದೆ, ಹೊರಗುಳಿದರೆ ಕೈಸಾಲ.

ಲೆಕ್ಕ ಹೀಗಾಗುತ್ತದೆ: ಸ್ವಂತ ಪಾಲು ಶೇ 5, ಅಂದರೆ ₹20,000. ಬ್ಯಾಂಕ್ ಕೊಡುವುದು ₹3,80,000. ಸಹಾಯಧನ ₹1,40,000. ಈ ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಇರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದೂ ಇಲ್ಲ. ಮೂರು ವರ್ಷ ಘಟಕ ನಡೆದದ್ದು ಪರಿಶೀಲನೆಯಲ್ಲಿ ಖಚಿತವಾದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ನಿಜವಾಗಿ ತೀರಿಸಬೇಕಾದ ಅಸಲು ₹2,40,000. ‘ಸಬ್ಸಿಡಿ ಬಂದ ಮೇಲೆ ಯಂತ್ರ ತರುತ್ತೇನೆ’ ಎಂದು ಕಾಯುವವರು, ‘ಸಬ್ಸಿಡಿ ಕೊಡಿಸಲು’ ಶೇಕಡಾವಾರು ಕೇಳುವ ದಲ್ಲಾಳಿಯನ್ನು ನಂಬುವವರು ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕು. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸಲಾಗದು ಎಂಬುದೂ ನೆನಪಿರಲಿ.

ಇನ್ನು ಮಳೆ. ಹಾಳೆ ಒಣಗಿ ಸಿಗುವುದು ಬೇಸಿಗೆಯಲ್ಲಿ. ಜೂನ್ ಬಂದರೆ ಬೂಷ್ಟು ಹಿಡಿಯುತ್ತದೆ. ಮದುವೆ, ಜಾತ್ರೆ, ಕೋಲ, ನೇಮಗಳ ಬೇಡಿಕೆಯೂ ಮಳೆಗಾಲದಲ್ಲಿ ಇಳಿಯುತ್ತದೆ. ಏಪ್ರಿಲ್–ಮೇಯಲ್ಲಿ ಹಾಳೆ ಕೊಂಡು ಒಣಗಿಸಿ ಕೂಡಿಡಲು ಹಣ ಬೇಕು. ಹನ್ನೆರಡು ತಿಂಗಳಿಗೂ ಒಂದೇ ಮಾರಾಟ ತೋರಿಸುವ ವರದಿ ಕರಾವಳಿಯಲ್ಲಿ ಸುಳ್ಳು ವರದಿ. ತಿಂಗಳವಾರು ಬರೆಯಿರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ತೋರಿಸಿ, ಮೊದಲ ಕಂತು ಮಳೆಗಾಲ ಕಳೆದ ಮೇಲೆ ಬೀಳುವಂತೆ ವಿನಾಯಿತಿ ಅವಧಿ ಕೇಳಿ. ಹಾಳೆತಟ್ಟೆಯಲ್ಲೇ ಇನ್ನೊಂದು ವಿಷಯ: ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಅಡಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿದೆ. ರಫ್ತು ನಂಬಿ ಲಾಭ ಬರೆಯಬೇಡಿ. ಸುತ್ತಲಿನ ಹಾಲ್‌ಗಳು, ದೇವಸ್ಥಾನಗಳು, ಕೇಟರಿಂಗ್‌ನವರಿಂದ ‘ಇಷ್ಟು ಕೊಳ್ಳುತ್ತೇವೆ’ ಎಂಬ ನಾಲ್ಕು ಪತ್ರ ತನ್ನಿ. ಬ್ಯಾಂಕಿನಲ್ಲಿ ಅಂಥ ಪತ್ರಕ್ಕೆ ಇರುವ ಬೆಲೆ ಬಣ್ಣದ ಗ್ರಾಫಿಗೆ ಇಲ್ಲ.

ವೈಕಲ್ಯ ಬೇರೆಯಾದರೆ ಬರೆಯಬೇಕಾದ ಖರ್ಚೂ ಬೇರೆ. ಗಾಲಿಕುರ್ಚಿಯವರಿಗೆ ಇಳಿಜಾರಿನ ಪ್ರಮಾಣ 1:12: ಒಂದು ಅಡಿ ಎತ್ತರದ ಜಗಲಿಗೆ 12 ಅಡಿ ಉದ್ದ. ನಮ್ಮ ಮಳೆಯಲ್ಲಿ ಪಾಚಿ ಕಟ್ಟಿ ಅದೇ ಅಪಾಯವಾಗಬಲ್ಲದು, ಆದ್ದರಿಂದ ಮೇಲೆ ಮಾಡು, ಕೆಳಗೆ ಒರಟು ಮೇಲ್ಮೈ, ಪಕ್ಕಕ್ಕೆ ಕೈಹಿಡಿ ಇವುಗಳ ಖರ್ಚೂ ಸೇರಬೇಕು. ಬಾಗಿಲು ಕನಿಷ್ಠ 90 ಸೆಂ.ಮೀ. ಕಣ್ಣು ಕಾಣದವರಿಗೆ ಮಾತಾಡುವ ತೂಕದ ಯಂತ್ರ, ಕಂಪ್ಯೂಟರ್. ಪರದೆ ಓದುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ರಕ್ತದ ಕಾಯಿಲೆ, ಮಾನಸಿಕ ಅಸ್ವಸ್ಥತೆ ಇರುವವರಿಗೆ ಯಂತ್ರಕ್ಕಿಂತ ದಿನಗಳ ಲೆಕ್ಕ ಮುಖ್ಯ. ಸಿದ್ಧ ವರದಿ ವರ್ಷಕ್ಕೆ 300 ಕೆಲಸದ ದಿನ ಎನ್ನುತ್ತದೆ. ನಿಮ್ಮ ದೇಹಕ್ಕೆ 240 ಸಾಧ್ಯವಾದರೆ 240 ಎಂದೇ ಬರೆಯಿರಿ, ಆ ದುಡಿಮೆಯಲ್ಲೇ ಕಂತು ತೀರುವಷ್ಟು ಸಣ್ಣ ಸಾಲ ಕೇಳಿ.

ಐದನೇ ಹಂತ: ಅರ್ಜಿ, ಬ್ಯಾಂಕ್

ಪಿಎಂಇಜಿಪಿ ಅರ್ಜಿ ಖಾದಿ ಆಯೋಗದ ಪೋರ್ಟಲ್‌ನಲ್ಲಿ. ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಮಂಡಳಿ, ಖಾದಿ ಆಯೋಗ ಇವುಗಳಲ್ಲಿ ಯಾವುದರ ಮೂಲಕ ಎಂದು ನೀವೇ ಆರಿಸಬೇಕು. ಯಾರ ಕಚೇರಿಗೆ ನೀವು ತಲುಪಬಲ್ಲಿರೋ ಅವರನ್ನೇ ಆರಿಸಿ. ಅಲ್ಲಿಂದ ಪರಿಶೀಲನೆಯಾಗಿ ಕಡತ ಬ್ಯಾಂಕಿಗೆ ಹೋಗುತ್ತದೆ. ಕೊಡುವ ಬಿಡುವ ತೀರ್ಮಾನ ಬ್ಯಾಂಕಿನದು.

ಆದ್ದರಿಂದ ಅರ್ಜಿ ಒತ್ತುವ ಮೊದಲೇ ಶಾಖೆಯ ಮ್ಯಾನೇಜರ್‌ರನ್ನು ಕಾಣಿ. ತರಬೇತಿ ಪ್ರಮಾಣಪತ್ರ, ತಿಂಗಳವಾರು ಲೆಕ್ಕ, ಗಿರಾಕಿಗಳ ಪತ್ರ, ಸಾಧ್ಯವಾದರೆ ನೀವು ತಯಾರಿಸಿದ ವಸ್ತುವಿನ ಮಾದರಿ ಎದುರಿಗಿಡಿ. ಜತೆಗೆ ಬಂದವರು ನಿಮ್ಮ ಪರವಾಗಿ ಮಾತಾಡದಿರಲಿ. ಮಾತು ಕಷ್ಟವಾದರೆ ಬರೆದು ಕೊಡಿ. ಲೆಕ್ಕ ನಿಮಗೇ ಗೊತ್ತಿದೆ ಎಂಬುದು ಅವರಿಗೆ ಕಾಣಬೇಕು. ₹10 ಲಕ್ಷದೊಳಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ದೃಷ್ಟಿದೋಷ ಇರುವವರಿಗೆ ಚೆಕ್‌ಬುಕ್, ಎಟಿಎಂ, ಸಾಲ ಯಾವುದನ್ನೂ ಆ ಕಾರಣಕ್ಕೆ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚಿಸಿದೆ. ‘ನೋಡೋಣ’ ಎಂಬ ಉತ್ತರ ಬಂದರೆ ಹಿಂತಿರುಗುವ ಮೊದಲು ಇನ್ನು ಯಾವ ಕಾಗದ ಬೇಕು ಎಂಬುದನ್ನು ಬರೆಸಿಕೊಳ್ಳಿ.

ಸಂಘ ಸಂಸ್ಥೆಗಳಿಗೆ

ಹತ್ತಾರು ಜನರಿಗೆ ಒಟ್ಟಿಗೆ ತರಬೇತಿ ಕೊಡುವ ಟ್ರಸ್ಟ್‌ಗಳಿಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ನೇರ ದಾರಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಕಲಚೇತನರ ವೃತ್ತಿ ಕೌಶಲದ ಹೆಸರೇ ಇದೆ. ಎಂಆರ್‌ಪಿಎಲ್‌ನಂಥ ದೊಡ್ಡ ಉದ್ಯಮವೂ ಕರ್ಣಾಟಕ ಬ್ಯಾಂಕಿನ ಕೇಂದ್ರ ಕಚೇರಿಯೂ ನಮ್ಮ ನೆಲದಲ್ಲೇ ಇವೆ. ಸಂಸ್ಥೆಯ ನೋಂದಣಿ, ಆದಾಯ ತೆರಿಗೆಯ 12ಎ, 80ಜಿ, ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಸಂಖ್ಯೆ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್–1 ನೋಂದಣಿ, ಮೂರು ವರ್ಷದ ಲೆಕ್ಕಪರಿಶೋಧನೆ ಸಿದ್ಧವಿರಲಿ. ಪ್ರಸ್ತಾವದಲ್ಲಿ ‘50 ಮಂದಿಗೆ ತರಬೇತಿ’ ಎಂದು ನಿಲ್ಲಿಸದೆ, ತರಬೇತಿ ಮುಗಿದ ಮೇಲೆ ಒಂದು ವರ್ಷ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ, ಹಾಗೆ ನಿಲ್ಲುವವರ ಸಂಬಳ ಎಷ್ಟು ಎಂದು ಬರೆದು ಆ ಹಣವನ್ನೂ ಕೇಳಿ. ಪ್ರಮಾಣಪತ್ರ ಹಂಚುವ ಸಮಾರಂಭಕ್ಕೆ ಮಾತ್ರ ಹಣ ಕೊಡುವ ದಾನಿಯನ್ನು ಒಪ್ಪಿಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ತಿರಸ್ಕಾರವಾದರೆ, ಮಂಜೂರಾದರೆ

ತಿರಸ್ಕಾರಕ್ಕೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬರಹ ಕೈಗೆ ಬಂದರೆ ಮುಂದಿನ ದಾರಿ ತೆರೆಯುತ್ತದೆ: ಮೊದಲು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್, ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಲೋಕಪಾಲ, ಖರ್ಚಿಲ್ಲದೆ. ವೈಕಲ್ಯವೇ ಕಾರಣವೆಂದು ಅನ್ನಿಸಿದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿಯ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಬಡತನ ನಿರ್ಮೂಲನೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ 5 ಮೀಸಲು, ಉದ್ಯಮಕ್ಕೆ ರಿಯಾಯಿತಿ ದರದ ಜಾಗ ಹಂಚಿಕೆಯಲ್ಲೂ ಶೇ 5 ಎನ್ನುವ 37ನೇ ಸೆಕ್ಷನ್ ಅನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಮಂಜೂರಾದರೆ ಉದ್ಯಮಶೀಲತಾ ತರಬೇತಿ ಮುಗಿಸಿ, ಯಂತ್ರದ ಬಿಲ್ಲುಗಳನ್ನು ಒಂದೇ ಕಡತದಲ್ಲಿಡಿ, ಘಟಕದ ಹೊರಗೆ ಯೋಜನೆಯ ಹೆಸರಿನ ಫಲಕ ಹಾಕಿ. ವಿಮೆ ಬಿಡಬೇಡಿ, ಕರಾವಳಿಯ ಗಾಳಿಮಳೆಗೆ ಶೀಟಿನ ಮಾಡು ಹಾರಿಹೋಗುವುದು ಹೊಸತಲ್ಲ. ಸಹಾಯಧನ ಠೇವಣಿಯಾದ ದಿನಾಂಕವನ್ನು ಬ್ಯಾಂಕಿನಿಂದ ಬರೆಸಿಕೊಂಡು, ಮೂರು ವರ್ಷ ತುಂಬುವ ತಿಂಗಳು ನೀವೇ ಶಾಖೆಗೆ ಹೋಗಿ ಸ್ಥಳ ಪರಿಶೀಲನೆ ಆಗಿದೆಯೇ, ಮೊತ್ತ ಸಾಲಕ್ಕೆ ಜಮಾ ಆಗಿದೆಯೇ ಎಂದು ಕೇಳಿ, ಸಾಲದ ಖಾತೆಯ ವಿವರ ಪಟ್ಟಿ ತೆಗೆದುಕೊಳ್ಳಿ.